ಬಾಲ ಓದುವ ನೂಫಾ

ನನ್ನ ತಂಗಿ ನೂಫಾ ಯಾವ ಹಳೆಯ ಪುಸ್ತಕ ಸಿಕ್ಕರೂ ಅದರ ಕೊನೆಯನ್ನಷ್ಟೇ ಓದಿ ಮುಚ್ಚಿಡುತ್ತಿದ್ದಳು. ಇಷ್ಟು ಮಾಡಿದ್ದಕ್ಕೆ ಬಗ್ದಾದಿನಲ್ಲಿ ಅವಳಿಗೆ ಕಾಲೇಜಿನ ಕೆಲಸ ಕೊಟ್ಟರು, ಜರ್ಮನಿಯ ಪ್ರೊಫೆಸರುಗಳು ಅವಳನ್ನು ಹುಡುಕಿಕೊಂಡು ಬಂದರು. ಟೈಗ್ರಿಸ್ ದಡದ ನಮ್ಮ ಊರು ಅಮಾರಾದ ದೋಣಿ ಬಡಗಿ ಖಲಫ್ ಮಾತ್ರ ಅವಳಿಗೆ ‘ಬಾಲ ಓದುವವಳು’ ಎಂದು ಹೆಸರಿಟ್ಟ. ಆ ಹೆಸರು ಎಷ್ಟು ಹರಡಿತೆಂದರೆ ಅಂಚೆಯವನು ಕೂಡ ನನ್ನ ಅಂಗಡಿಗೆ ಬಂದು ‘ಬಾಲದಮ್ಮನ ಕಾಗದ’ ಎಂದು ಕವರು ಇಟ್ಟು ಹೋಗುತ್ತಿದ್ದ. ಅಣ್ಣನಾದವನು ಅವನ ಕಿವಿ ಹಿಂಡಬೇಕಿತ್ತು. ನಾನು ನಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ನಾನು ಲಫ್ತಾ. ಬೆಳ್ಳಿ ಕೆಲಸದವನು. ಬೆಳ್ಳಿಯ ಮೇಲೆ ಕಪ್ಪು ಗೆರೆಯಲ್ಲಿ ದೋಣಿ, ಖರ್ಜೂರದ ಮರ, ನೀರಿನಲ್ಲಿ ನಿಂತ ಎಮ್ಮೆ ಬಿಡಿಸುತ್ತೇನೆ. ನಮ್ಮ ಮಂದಾಯಿ ಎಂಬ ಹಳೆಯ, ಸಣ್ಣ ಮತದ ಜನರಲ್ಲಿ ಗಂಡಸರಿಗೆ ಎರಡೇ ಕಸುಬು, ಬೆಳ್ಳಿ ಅಥವಾ ದೋಣಿ. ಮೂರನೆಯದು ಪೌರೋಹಿತ್ಯ, ಆದರೆ ಅದು ಕಸುಬಲ್ಲ, ಹಣೆಬರಹ. ಮಗು ಹುಟ್ಟಿದರೂ, ಮದುವೆಯಾದರೂ, ಸುಮ್ಮನೆ ಒಂದು ಭಾನುವಾರ ಬಂದರೂ ನಾವು ಹರಿಯುವ ನೀರಿಗಿಳಿದು ಮುಳುಗಿ ಏಳಬೇಕು. ತಾನಾಗಿ ಮುಳುಗಿದರೆ ಅದು ಬರೀ ಸ್ನಾನ, ಪುರೋಹಿತರ ಕೈ ತಲೆಯ ಮೇಲಿದ್ದರೆ ಮಾತ್ರ ದೀಕ್ಷೆ. ಪುರೋಹಿತರಿಲ್ಲದ ಊರಿನಲ್ಲಿ ನದಿ ಇದ್ದೂ ಇಲ್ಲದ ಹಾಗೆ.

ಆ ಬಾಲದ ಹುಚ್ಚು ಹತ್ತಿಸಿದವರು ನಮ್ಮ ಊರಿನ ಪುರೋಹಿತರಾದ ಶೇಖ್ ಮಿಜ್ಬಾನ್ ಅವರೇ. ನೂಫಾಗೆ ಆಗ ಒಂಬತ್ತು ವರ್ಷ. ಶೇಖ್ ಅವರು ನದಿಯ ದಡದಲ್ಲಿ ಚಾಪೆ ಹಾಸಿಕೊಂಡು ಜೊಂಡಿನ ಲೇಖನಿಯಿಂದ ಒಂದು ಗ್ರಂಥ ನಕಲು ಮಾಡುತ್ತಿದ್ದರೆ ಇವಳು ಶಾಲೆ ತಪ್ಪಿಸಿ ಎದುರಿಗೆ ಕೂರುತ್ತಿದ್ದಳು. ನನಗೂ ಕಲಿಸಿ ಎಂದು ವರಾತ ಹಿಡಿದಳು. ನಮ್ಮ ಗ್ರಂಥಗಳು ಪುರೋಹಿತರ ಕಣ್ಣಿಗೆ ಮಾತ್ರ. ಬೆಳ್ಳಿಯವನ ಮಗಳಿಗೆ, ಅದೂ ಹೆಣ್ಣುಮಗುವಿಗೆ, ಯಾರು ಕಲಿಸುತ್ತಾರೆ? ಶೇಖ್ ಅವರು ಎರಡು ತಿಂಗಳು ತಡೆದರು. ಕಡೆಗೆ ಇವಳ ಕಾಟ ತಾಳದೆ ಒಂದು ದಾರಿ ಹುಡುಕಿದರು.

‘ಗ್ರಂಥದ ಮೈ ನಮ್ದು ಮಗಳೇ. ಬಾಲ ಬೇಕಾದ್ರೆ ನೀನು ಓದ್ಕೋ. ಅದು ನಮ್ಮ ದೇವರು ಮಹಾಜೀವದ ಮಾತಲ್ಲ, ನಮ್ಮಂಥ ಹುಲುಮನುಷ್ಯರ ಮಾತು.’

ಬಾಲ ಎಂದರೆ ಇಷ್ಟೇ. ನಮ್ಮಲ್ಲಿ ಗ್ರಂಥ ನಕಲು ಮಾಡಿದವನು ಕೊನೆಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಯಾರ ಪುಸ್ತಕ ನೋಡಿ ಬರೆದೆ, ಅವರು ಯಾರದನ್ನು ನೋಡಿ ಬರೆದಿದ್ದರು, ಅವರ ಹಿಂದಿನವರು ಯಾರು ಎಂದು ಸಾವಿರ ವರ್ಷದ ಹಿಂದಿನವರೆಗೂ ಬರೆಯಬೇಕು. ಒಬ್ಬನನ್ನು ಬಿಟ್ಟರೂ ಪುಸ್ತಕಕ್ಕೆ ಬೆಲೆಯಿಲ್ಲ. ಆಮೇಲೆ ಜಾಗ ಉಳಿದರೆ ತನ್ನ ಕಷ್ಟಸುಖ ತೋಡಿಕೊಳ್ಳಬಹುದು. ಎಲ್ಲರೂ ತೋಡಿಕೊಂಡಿದ್ದಾರೆ. ನೆರೆ ಬಂತು, ಸೊಳ್ಳೆ ತಿಂದವು, ಹೆಂಡತಿ ಮಾತು ಬಿಟ್ಟಿದ್ದಾಳೆ, ಅಕ್ಕಿ ಮುಗಿದಿದೆ. ನೂಫಾ ಮೊದಲ ಬಾಲ ಓದಿ ಮನೆಗೆ ಓಡಿ ಬಂದು, ಇನ್ನೂರು ವರ್ಷದ ಹಿಂದೆ ಒಬ್ಬನಿಗೆ ಹಲ್ಲುನೋವು ಬಂದಿತ್ತಂತೆ ಎಂದು ಅಮ್ಮನಿಗೆ ಹೇಳಿದಳು. ಅವನೇ ಹೊರಗೆ ಜಗಲಿಯಲ್ಲಿ ದವಡೆ ಹಿಡಿದುಕೊಂಡು ಕೂತಿದ್ದಾನೇನೋ ಎನ್ನುವಂತಿತ್ತು ಅವಳ ಗಾಬರಿ.

ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಊರಿಗೊಂದು ದಾರಿಯಾದರೆ ಇವಳಿಗೊಂದು ದಾರಿ. ಬಗ್ದಾದಿಗೆ ಹೋಗಿ ಹಳೆಯ ಭಾಷೆಗಳನ್ನು ಓದಿದಳು, ಅಲ್ಲೇ ಪಾಠ ಹೇಳಲು ನಿಂತಳು, ಗಣಿತದ ಮೇಷ್ಟ್ರೊಬ್ಬನನ್ನು ಮದುವೆಯಾದಳು. ಅಡುಗೆ ಅವನೇ ಮಾಡುತ್ತಿದ್ದ, ಪುಣ್ಯಾತ್ಮ. ಬೇಸಿಗೆ ರಜೆ ಬಂತೆಂದರೆ ಕ್ಯಾಮೆರಾ ನೇತುಹಾಕಿಕೊಂಡು ಅಮಾರಾಕ್ಕೆ ಬಂದಿಳಿದು, ಖಲಫನ ಹತ್ತಿರ ಒಂದು ದೋಣಿ ಬಾಡಿಗೆಗೆ ಹಿಡಿದು, ಜೌಗಿನ ಹಳ್ಳಿಗಳಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಪುರೋಹಿತರ ವಂಶದ ಮನೆಮನೆಯ ಪೆಟ್ಟಿಗೆಗಳಲ್ಲಿ ಗ್ರಂಥದ ಸುರುಳಿಗಳಿದ್ದವು. ಯಾವ ಗಂಡಸು ಕೇಳಿದರೂ ತೆರೆಯದ ಪೆಟ್ಟಿಗೆ ಇವಳಿಗೆ ತೆರೆಯುತ್ತಿತ್ತು. ಗುಟ್ಟು ಏನೆಂದರೆ, ಇವಳು ಮೊದಲು ಆ ಮನೆಯ ಮಕ್ಕಳ ಫೋಟೋ ತೆಗೆದು, ಬಗ್ದಾದಿನಲ್ಲಿ ತೊಳೆಸಿ, ಮರೆಯದೆ ಕಳಿಸಿಕೊಡುತ್ತಿದ್ದಳು. ಮರುವರ್ಷ ಹೋದರೆ ಸುಟ್ಟ ಮೀನು, ಅಕ್ಕಿರೊಟ್ಟಿ, ಎಮ್ಮೆಯ ಕೆನೆ ತಿನ್ನಿಸಿ, ಮಡಿಯಲ್ಲಿ ಸುರುಳಿ ಬಿಚ್ಚಿ, ಬಾಲ ಇಲ್ಲಿದೆ ನೋಡವ್ವ ಎನ್ನುತ್ತಿದ್ದರು.

ಹೀಗೆ ಮೂವತ್ತು ವರ್ಷದಲ್ಲಿ ಆರುನೂರು ಬಾಲ ಸೇರಿಸಿದಳು. ಯಾವ ಊರಿನಲ್ಲಿ ಯಾವ ಕಾಲದಲ್ಲಿ ಯಾರು ಯಾರಿಗೆ ಗುರುವಾಗಿದ್ದರು ಎಂದು ಕಪ್ಪು ರಟ್ಟಿನ ಇಪ್ಪತ್ತು ನೋಟುಬುಕ್ಕು ತುಂಬಿಸಿದಳು. ಒಮ್ಮೆ ಒಬ್ಬ ಜರ್ಮನ್ ಪ್ರೊಫೆಸರು ನನ್ನ ಅಂಗಡಿಯಲ್ಲೇ ಕೂತು ಅವಳ ಜೊತೆ ವಾದಕ್ಕೆ ನಿಂತ. ನಾಲ್ಕು ಲೋಟ ಚಹಾ ಮುಗಿಯುವ ಹೊತ್ತಿಗೆ ತನ್ನ ಪುಸ್ತಕದಲ್ಲಿ ತಾನೇ ಎರಡು ಪುಟ ಹೊಡೆದುಹಾಕಿ, ಇವಳಿಗೆ ನಮಸ್ಕಾರ ಮಾಡಿ, ನನ್ನ ಹತ್ತಿರ ಒಂದು ಬೆಳ್ಳಿ ಡಬ್ಬಿ ಕೊಂಡು ಹೋದ. ಅವಳ ವಿದ್ಯೆಯಿಂದ ನನಗಾದ ಲಾಭ ಅದೊಂದೇ ಎಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ.

ಒಂದು ಸಲ ಅವಳು ನನ್ನ ಅಂಗಡಿಯಲ್ಲಿ ಕೂತು ಮುನ್ನೂರು ವರ್ಷ ಹಳೆಯ ಬಾಲವೊಂದನ್ನು ಓದಿ ಹೇಳಿದಳು. ‘ಪಕ್ಕದ ಮನೆಯ ದೋಣಿ ಬಡಗಿಯ ಸುತ್ತಿಗೆಯ ಸದ್ದಿನಲ್ಲಿ ಎರಡು ಸಾಲು ಬಿಟ್ಟುಹೋಗಿ ಮತ್ತೆ ಬರೆದೆ. ಓದುವವರೇ, ನನ್ನನ್ನು ಬೈಯಬೇಡಿ, ಅವನನ್ನು ಬೈಯಿರಿ.’ ಖಲಫ್ ಅಲ್ಲೇ ಇದ್ದ. ಆ ಬಡಗಿ ನನ್ನ ಮುತ್ತಾತನೇ, ಅನುಮಾನವೇ ಇಲ್ಲ, ನಮ್ಮ ವಂಶದ ಸುತ್ತಿಗೆಯ ಸದ್ದೇ ಅಂಥದ್ದು ಎಂದು ವಾರವಿಡೀ ಚಹಾದಂಗಡಿಯಲ್ಲಿ ಮೀಸೆ ತಿರುವಿದ. ನನಗೆ ಹೊಟ್ಟೆಯುರಿಯಿತು. ನಾನು ಮಾಡಿದ ಡಬ್ಬಿ, ಬಳೆ, ಉಂಗುರಗಳ ಹಿಂದೆಲ್ಲ ನನ್ನ ಹೆಸರು ಕೊರೆದಿದ್ದೇನೆ. ಆದರೆ ಬೆಳ್ಳಿಯ ಹಣೆಬರಹ ಗೊತ್ತಲ್ಲ, ಮೊಮ್ಮಗಳ ಮದುವೆಗೆ ಹೊಸ ಮಾದರಿ ಬೇಕೆಂದರೆ ಕರಗಿಸಿಬಿಡುತ್ತಾರೆ. ಸುತ್ತಿಗೆ ಬಡಿದು ತೊಂದರೆ ಕೊಟ್ಟವನ ಸುದ್ದಿ ಮುನ್ನೂರು ವರ್ಷ ಉಳಿದಿದೆ. ಇದ್ಯಾವ ನ್ಯಾಯ ಎಂದು ನೂಫಾಳನ್ನು ಕೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇನ್ನು ಪೆಟ್ಟಿಗೆಯ ವಿಷಯ. ಇಷ್ಟು ಹೊತ್ತು ಅದನ್ನು ಹೇಳದೆ ತಳ್ಳಿಕೊಂಡು ಬಂದೆ, ನಾಚಿಕೆಯ ಮಾತು.

ಊರೂರು ತಿರುಗಿ ಪೆಟ್ಟಿಗೆ ತೆಗೆಸಿದ ನನ್ನ ತಂಗಿಗೆ ಒಂದೇ ಒಂದು ಪೆಟ್ಟಿಗೆ ಸಿಕ್ಕಿರಲಿಲ್ಲ. ಅದು ನನ್ನ ಮಂಚದ ಕೆಳಗಿತ್ತು. ನಮ್ಮ ಅಪ್ಪನ ಅಜ್ಜಿ ಸೀಮತ್ ತಂದದ್ದು. ನೂರನಲವತ್ತು ವರ್ಷದ ಹಿಂದೆ ದೊಡ್ಡ ಕಾಲರಾ ಬಂದು ನಮ್ಮ ಪುರೋಹಿತರೆಲ್ಲ ಹೆಚ್ಚುಕಡಿಮೆ ಸತ್ತುಹೋದ ವರ್ಷ, ಜೊಂಡಿನ ತೆಪ್ಪವೊಂದು ತೇಲಿಕೊಂಡು ಅಮಾರಾದ ದಡಕ್ಕೆ ಬಂತಂತೆ. ಅದರಲ್ಲಿ ಹತ್ತು ವರ್ಷದ ಒಂದು ಹುಡುಗಿ, ಒಂದು ಪೆಟ್ಟಿಗೆ. ನಾನು ಪುರೋಹಿತರ ಮಗಳು, ಎಲ್ಲ ಪೆಟ್ಟಿಗೆಯಲ್ಲಿದೆ, ಪುರೋಹಿತರೇ ತೆರೆಯಬೇಕು ಎಂದಳಂತೆ. ಅಪ್ಪನ ಹೆಸರು ಎಷ್ಟು ಕೇಳಿದರೂ ಸಾಯುವತನಕ ಆ ಪೆಟ್ಟಿಗೆಯನ್ನೇ ತೋರಿಸಿದಳಂತೆ. ತೆರೆಯಲು ಪುರೋಹಿತರೇ ಉಳಿದಿರಲಿಲ್ಲ. ನಮ್ಮ ಭಾಷೆ, ಪ್ರಾರ್ಥನೆ ಅವಳಿಗೆ ಬರುತ್ತಿದ್ದುದರಿಂದ ನಮ್ಮವರು ಸಾಕಿಕೊಂಡು ಮದುವೆಯನ್ನೂ ಮಾಡಿದರು. ಆದರೆ ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ತೇಲಿ ಬಂದವಳು ಯಾರ ಮಗಳೋ ಎಂಬ ಮಾತು ಅವಳ ಬೆನ್ನು ಹತ್ತಿತು. ಮುಂದೆ ಪುರೋಹಿತರು ಬಂದಾಗ ತೆರೆಸುವ ಧೈರ್ಯ ಮನೆಯವರಿಗೇ ಇರಲಿಲ್ಲ. ಒಳಗೆ ಅವಳ ಹೆಸರೇ ಇಲ್ಲದಿದ್ದರೆ? ಮುಚ್ಚಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತದೆ ಎಂದು ನನ್ನ ಅಪ್ಪ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಸತ್ತ. ಆಮೇಲೆ ನಾನು ಕಟ್ಟಿಕೊಂಡೆ.

ನೂಫಾ ಪ್ರತಿ ಬೇಸಿಗೆ ಕೇಳುತ್ತಿದ್ದಳು. ನಾವು ಪುರೋಹಿತರಲ್ಲ, ಮುಟ್ಟಿದರೆ ದೋಷ ಎಂದು ನಾನು ದೊಡ್ಡ ಆಚಾರವಂತನ ಹಾಗೆ ಹೇಳಿ ಕಳಿಸುತ್ತಿದ್ದೆ. ನಿಜವೆಂದರೆ ನನಗೆ ಹೆದರಿಕೆ.

ಹೀಗಿರುವಾಗ ನನ್ನ ಮಗ ಸಿನಾನ್ ಇಪ್ಪತ್ತೆರಡನೆಯ ವಯಸ್ಸಿಗೆ ತಾನು ಪುರೋಹಿತನಾಗುತ್ತೇನೆ ಎಂದ. ಊರು ಕುಣಿಯಿತು. ಶೇಖ್ ಮಿಜ್ಬಾನ್ ಅವರಿಗೆ ಎಂಬತ್ತರ ಹತ್ತಿರ. ಚಳಿಗಾಲದಲ್ಲಿ ನೀರಿಗಿಳಿದರೆ ಇಬ್ಬರು ಹಿಡಿದು ದಡ ಹತ್ತಿಸಬೇಕು. ಅವರ ನಂತರ ಅಮಾರಾದಲ್ಲಿ ಮಗುವಿಗೆ ಹೆಸರಿಡುವವರಿಲ್ಲ. ಅವರು ಸಿನಾನನಿಗೆ ಆರು ವರ್ಷದಿಂದ ಪಾಠ ಹೇಳಿ ಸಿದ್ಧಮಾಡಿದ್ದರು. ಪುರೋಹಿತ ಪಟ್ಟಕ್ಕೆ ದಿನವೂ ಗೊತ್ತಾಯಿತು. ಆಗ ಬಸ್ರಾದ ಕಡೆಯಿಂದ ಬರಬೇಕಿದ್ದ ಹಿರಿಯ ಪುರೋಹಿತರು ಹೇಳಿಕಳಿಸಿದರು. ಏಳು ತಲೆಮಾರು, ಗಂಡಿನ ಕಡೆ ಹೆಣ್ಣಿನ ಕಡೆ ಎರಡೂ, ನಿರ್ಮಲವಾಗಿದೆ ಎಂದು ಆಧಾರ ತೋರಿಸಬೇಕು. ತೇಲಿ ಬಂದ ಹೆಂಗಸೊಬ್ಬಳು ನಡುವೆ ಇದ್ದಾಳಂತೆ, ಅವಳು ಯಾರ ಮಗಳು? ಗೊತ್ತಿಲ್ಲದಿದ್ದರೆ ಪಟ್ಟ ಇಲ್ಲ.

ಸಿನಾನ್ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಊಟ ಮಾತ್ರ ಬಿಟ್ಟ. ಚಹಾದಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ನಾನು ನಡುನಡುವೆ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಬಹೀಜಾ ನನಗೆ ಹೇಳದೆ ಬಗ್ದಾದಿಗೆ ಕಾಗದ ಹಾಕಿದಳು. ನಾಲ್ಕನೆಯ ದಿನ ಬೆಳಗ್ಗೆ ನೂಫಾ ಬಸ್ಸಿನಿಂದಿಳಿದು, ಇಪ್ಪತ್ತು ನೋಟುಬುಕ್ಕಿನ ಚೀಲ ಹೊತ್ತು ನೇರವಾಗಿ ಅಂಗಡಿಗೆ ಬಂದು ಕೈ ಚಾಚಿದಳು.

‘ಕೀ ಕೊಡಣ್ಣ.’

ನಾನು ಹಳೆಯ ರಾಗ ತೆಗೆದೆ. ದೋಷ, ಮಡಿ, ಅಪ್ಪನ ಮಾತು. ಅವಳು ಎಲ್ಲ ಕೇಳಿಸಿಕೊಂಡಳು.

‘ಇಷ್ಟು ವರ್ಷ ಬೇರೆಯವರ ಮುತ್ತಜ್ಜಂದಿರನ್ನೆಲ್ಲ ಹುಡುಕಿಕೊಟ್ಟೆ. ನಮ್ಮಜ್ಜಿ ಒಬ್ಬಳನ್ನ ನೀನು ಮಂಚದ ಕೆಳಗೆ ಕೂಡಿಹಾಕಿದೀಯ.’

‘ಒಳಗೆ ಅವಳ ಹೆಸರಿಲ್ದೆ ಹೋದ್ರೆ ನನ್ ಮಗನ ಗತಿ ಏನೇ?’ ಎಂದೆ. ಮೂವತ್ತು ವರ್ಷದಲ್ಲಿ ನಾನು ನಿಜ ಹೇಳಿದ್ದು ಅದೇ ಮೊದಲು.

ನೂಫಾ ಚೀಲ ಕೆಳಗಿಟ್ಟಳು. ‘ಇಲ್ದೆ ಹೋದ್ರೆ ಇಲ್ಲ ಅಂತಾನೇ ಹೇಳ್ತೀನಿ. ನಿನಗೋಸ್ಕರ ಸುಳ್ಳು ಹೇಳಲ್ಲ. ಆದ್ರೆ ಅಣ್ಣ, ಹತ್ತು ವರ್ಷದ ಮಗು ಎಲ್ಲ ಬಿಟ್ಟು ಒಂದು ಪೆಟ್ಟಿಗೆ ಮಾತ್ರ ಹೊತ್ತು ತಂದಿದಾಳೆ. ಅವಳ ಮಾತು ನಾವಾದ್ರೂ ಒಂದ್ಸಲ ನಂಬಬೇಡವಾ?’

ನಾನು ಬೀಗದ ಕೈ ಬಿಚ್ಚಿ ಕೊಟ್ಟೆ. ದಾರ ಬೆವರಿಗೆ ಗಂಟುಬಿದ್ದಿತ್ತು, ಕತ್ತರಿಯಲ್ಲಿ ಕತ್ತರಿಸಬೇಕಾಯಿತು.

ಭಾನುವಾರ ಬೆಳಗ್ಗೆ ನಾವೆಲ್ಲ ಬಿಳಿಯುಟ್ಟು ಟೈಗ್ರಿಸ್‌ಗೆ ಇಳಿದೆವು. ಶೇಖ್ ಅವರನ್ನು ಸಿನಾನ್ ಒಂದು ಕಡೆ, ಖಲಫ್ ಒಂದು ಕಡೆ ಹಿಡಿದುಕೊಂಡಿದ್ದರು; ಖಲಫನನ್ನು ಯಾರೂ ಕರೆದಿರಲಿಲ್ಲ, ಅವನೇ ಬಂದಿದ್ದ. ನಾನು ನೀರಿಗಿಳಿದು ಒಂದು ವರ್ಷವಾಗಿತ್ತು. ಶೇಖ್ ಅವರು ನನ್ನ ತಲೆ ಹಿಡಿದು ಮೂರು ಸಲ ಮುಳುಗಿಸಿದರು. ಮೂರನೆಯ ಸಲ ಬೇಕೆಂತಲೇ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆಂದು ಈಗಲೂ ನನಗೆ ಅನುಮಾನ. ತಲೆಗೆ ಹಸಿರು ಎಲೆಯ ದಂಡೆ ಸಿಕ್ಕಿಸಿಕೊಂಡು, ಪ್ರಸಾದದ ರೊಟ್ಟಿ ತಿಂದು, ದಡದ ಮೇಲಿನ ಜೊಂಡಿನ ದೇವರಮನೆಯ ಮುಂದೆ ಚಾಪೆ ಹಾಸಿ ಪೆಟ್ಟಿಗೆ ಇಟ್ಟೆವು.

ಒಳಗೆ ಒಂದು ಸುರುಳಿ ಇತ್ತು. ಸುರುಳಿಯಲ್ಲಿ ಒಂದು ತೊಂದರೆಯೆಂದರೆ ಬಾಲ ನಟ್ಟನಡುವೆ ಇರುತ್ತದೆ, ಮೈಯೆಲ್ಲ ಬಿಚ್ಚದೆ ಅದು ಸಿಗುವುದಿಲ್ಲ. ಶೇಖ್ ಅವರು ಬಿಚ್ಚುತ್ತ ಹೋದರು, ಸಿನಾನ್ ಆ ತುದಿಯಿಂದ ಸುತ್ತುತ್ತ ಬಂದ. ಮೈ ಪುರೋಹಿತರದು ಎಂಬ ಹಳೆಯ ಒಪ್ಪಂದದಂತೆ ನೂಫಾ ಅಷ್ಟು ಹೊತ್ತೂ ನದಿಯ ಕಡೆ ಮುಖ ಮಾಡಿ ಕೂತಿದ್ದಳು. ಅಲ್ಲಿ ಇಪ್ಪತ್ತು ಜನರಿದ್ದರೂ ಕಾಗದದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

‘ಬಾಲ ಬಂತು ಮಗಳೇ,’ ಎಂದರು ಶೇಖ್. ಐವತ್ತೆರಡು ವರ್ಷದ ಪ್ರೊಫೆಸರು ಒಂಬತ್ತು ವರ್ಷದವಳ ಹಾಗೆ ತಿರುಗಿ ಮಂಡಿಯೂರಿ ಕೂತಳು.

ಮೊದಲ ಸಾಲು ಓದಿದವಳೇ ಚೀಲಕ್ಕೆ ಕೈ ಹಾಕಿದಳು. ಒಂದು ನೋಟುಬುಕ್ಕು ತೆಗೆದು, ಪುಟ ಹುಡುಕಿ, ಶೇಖ್ ಅವರ ಮುಂದೆ ಇಟ್ಟಳು. ಬರೆದವನ ಹೆಸರು ಸಾಮ್. ಇದೇ ಸಾಮನ ಹೆಸರು ಅವಳಿಗೆ ಬೇರೆ ನಾಲ್ಕು ಗ್ರಂಥಗಳಲ್ಲಿ ಸಿಕ್ಕಿತ್ತು. ಅವನ ತಂದೆ ತಾಯಿ, ಅವರ ತಂದೆ ತಾಯಿ, ಏಳು ತಲೆಮಾರು ಅವಳ ಪಟ್ಟಿಯಲ್ಲಿತ್ತು. ಕಾಲರಾ ವರ್ಷದಿಂದಾಚೆಗೆ ಮಾತ್ರ ಅವನ ಸುಳಿವೇ ಇರಲಿಲ್ಲ.

‘ಇಪ್ಪತ್ತು ವರ್ಷದಿಂದ ಈ ಮನುಷ್ಯನ್ನ ಹುಡುಕ್ತಿದೀನಿ,’ ಎಂದಳು. ‘ಲಂಡನ್ನಿಗೂ ಹೋಗಿ ಹುಡುಕಿದೆ. ನಮ್ಮಣ್ಣನ ಮಂಚದ ಕೆಳಗಿದ್ದ.’

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಕೂಸನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡವನು ನಾನು. ಆದರೆ ಸೀಮತ್ ಎಲ್ಲಿ? ನಾನು ಕೇಳಲಿಲ್ಲ, ಬಹೀಜಾ ಕೇಳಿದಳು. ನೂಫಾ ಮುಂದಕ್ಕೆ ಓದತೊಡಗಿದಳು. ಅವಳು ಓದಿದ್ದು ನನಗೆ ಬಾಯಿಪಾಠ.

‘ಊರಿನಲ್ಲಿ ಪುರೋಹಿತನೆಂದು ಉಳಿದವನು ನಾನೊಬ್ಬನೇ. ನನಗೂ ಬೆಳಗಿನಿಂದ ಜ್ವರ. ಮಗಳು ಸೀಮತ್ ಮಸಿಕುಡಿಕೆ ಹಿಡಿದು ಕೂತಿದ್ದಾಳೆ. ತೂಕಡಿಸಿ ಮಸಿ ಚೆಲ್ಲಿಬಿಡುತ್ತಾಳೆಂದು ಅವಳ ಕೈಯಲ್ಲಿ ಹಾಡು ಹೇಳಿಸುತ್ತ ಬರೆಯುತ್ತಿದ್ದೇನೆ. ಈ ಪುಸ್ತಕ ನನ್ನ ನಂತರ...’

ಅಲ್ಲಿಗೆ ಆ ಸಣ್ಣ, ಅಚ್ಚುಕಟ್ಟಾದ ಬರಹ ನಿಂತುಹೋಗಿತ್ತು. ಕೆಳಗೆ ದಪ್ಪದಪ್ಪ ಅಕ್ಷರ, ಕೆಳಮುಖವಾಗಿ ಜಾರುವ ಸಾಲು.

‘ನಾನು ಸೀಮತ್, ಸಾಮನ ಮಗಳು. ಅಪ್ಪನ ಕೈ ನಿಂತಿತು. ಪುಸ್ತಕಕ್ಕೆ ಕೊನೆ ಇರಬೇಕೆಂದು ಈ ನಾಲ್ಕು ಸಾಲು ನಾನು ಬರೆದೆ. ನನಗೆ ಹತ್ತು ವರ್ಷ. ಸೊಟ್ಟಗಿದ್ದರೆ ಬೈಯಬೇಡಿ. ಅಪ್ಪ ಹೇಳಿದ್ದ ಹಾಗೆ ನಾನು ಅಳಲಿಲ್ಲ.’

ನಮ್ಮಲ್ಲಿ ಸತ್ತವರಿಗೆ ಅಳುವ ಹಾಗಿಲ್ಲ. ಅತ್ತರೆ ಆ ಕಣ್ಣೀರು ಹೊಳೆಯಾಗಿ ಹರಿದು, ಹೋಗುವ ಜೀವಕ್ಕೆ ದಾಟಲಾಗದಂತೆ ಅಡ್ಡ ಬರುತ್ತದೆ. ನನ್ನ ಅಪ್ಪ ಸತ್ತಾಗಲೂ ನಾನು ಒಂದು ಹನಿ ಹಾಕಿದವನಲ್ಲ. ಅವತ್ತು ಆ ದಡದಲ್ಲಿ ನನಗೆ ತಡೆಯಲಾಗಲಿಲ್ಲ. ಬಹೀಜಾ ಸೆರಗು ಕಚ್ಚಿಕೊಂಡಿದ್ದಳು, ಖಲಫ್ ಕೂಡ ಆ ಕಡೆ ತಿರುಗಿ ಮೂಗು ಒರೆಸುತ್ತಿದ್ದ. ನಾನು ಗಾಬರಿಯಿಂದ ಶೇಖ್ ಅವರ ಮುಖ ನೋಡಿದೆ. ಅವರ ಗಡ್ಡವೂ ಒದ್ದೆಯಾಗಿತ್ತು.

‘ಅಳಬಾರದು ಅಂದಿರೋದು ಹೋದವರಿಗೆ,’ ಎಂದರು ಅವರು. ‘ಈ ಮಗು ಇವತ್ತು ಬಂದಿದೆ. ಅಳ್ರಪ್ಪ, ತೊಂದ್ರೆ ಇಲ್ಲ.’

ಎಲ್ಲರೂ ಅತ್ತೆವು, ಆಮೇಲೆ ಯಾರು ಶುರುಮಾಡಿದರೋ, ಎಲ್ಲರೂ ನಕ್ಕೆವು. ಸಿನಾನ್ ಮೂರು ಮೀನು ತಿಂದ. ತನಗೆ ಮೊದಲಿಂದ ಗೊತ್ತಿತ್ತು, ಸೀಮತಜ್ಜಿಯ ನಡಿಗೆಯಲ್ಲೇ ಪುರೋಹಿತರ ಮನೆತನ ಕಾಣುತ್ತಿತ್ತಂತೆ ಎಂದು ಖಲಫ್ ಸಂಜೆಯೊಳಗೆ ಊರೆಲ್ಲ ಸಾರಿದ. ಎಪ್ಪತ್ತೈದು ವರ್ಷದ ಹಿಂದೆ ಸತ್ತವಳ ನಡಿಗೆ ಅರವತ್ತು ವರ್ಷದ ಇವನು ಎಲ್ಲಿಂದ ಕಂಡನೋ.

ಬಸ್ರಾದ ಹಿರಿಯರು ಬಂದು ನೂಫಾಳ ನೋಟುಬುಕ್ಕನ್ನು ಸುರುಳಿಯ ಪಕ್ಕದಲ್ಲಿಟ್ಟುಕೊಂಡು ಎರಡು ದಿನ ತಾಳೆ ನೋಡಿ ತಲೆದೂಗಿದರು. ಸಿನಾನ್ ಜೊಂಡಿನ ಗುಡಿಸಲಿನಲ್ಲಿ ಏಳು ದಿನ ಕಣ್ಣು ಮುಚ್ಚದೆ ಕೂತು, ಅರವತ್ತು ದಿನದ ವ್ರತ ಮುಗಿಸಿ ಪುರೋಹಿತನಾಗಿ ಎದ್ದ. ಅವನು ಮೊದಲು ನೀರಿಗಿಳಿಸಿ ದೀಕ್ಷೆ ಕೊಟ್ಟದ್ದು ಶೇಖ್ ಮಿಜ್ಬಾನ್ ಅವರಿಗೆ. ಮೆಲ್ಲಗೆ ಹಿಡಿಯೋ, ನಾನು ನಿಮ್ಮಪ್ಪನಲ್ಲ ಎಂದರಂತೆ ಅವರು. ನೂಫಾ ಆ ನಾಲ್ಕು ಸೊಟ್ಟ ಸಾಲಿನ ಮೇಲೆ ನೂರು ಪುಟ ಬರೆದಳು. ಹೊರದೇಶದವರು ಅದನ್ನು ಮೆಚ್ಚಿ ಅವಳಿಗೆ ಒಂದು ಪದಕ ಕೊಟ್ಟರು. ನಾನು ಉಜ್ಜಿ ನೋಡಿದೆ; ಬೆಳ್ಳಿಯಲ್ಲ, ಬರೀ ಬೆಳ್ಳಿಯ ಲೇಪ. ಹೇಳಲಿಲ್ಲ.

ಪುರೋಹಿತನಾದವನು ತನ್ನ ಕೈಯಾರೆ ಒಂದು ಗ್ರಂಥ ನಕಲು ಮಾಡಬೇಕು. ಮುಂದಿನ ಚಳಿಗಾಲವಿಡೀ ಸಿನಾನ್ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಸಾಮನ ಸುರುಳಿಯನ್ನು ನೋಡಿ ಬರೆದ. ವಸಂತದ ಐದು ದಿನದ ಹಬ್ಬಕ್ಕೆ ನೂಫಾ ಬಂದಾಗ ಮುಗಿದಿತ್ತು. ಮೈಯನ್ನು ತಾನೇ ಸುತ್ತಿಟ್ಟು, ಅತ್ತೆ, ಬಾಲ ನಿಮ್ದು ಎಂದು ಮುಂದೆ ಹಿಡಿದ.

ಅವಳು ಅಂಗಡಿಯಲ್ಲೇ ಗಟ್ಟಿಯಾಗಿ ಓದಿದಳು. ನಾನು ಏನೂ ಆಸೆ ಇಲ್ಲದವನಂತೆ ಒಂದು ಬಳೆಗೆ ಅರ ಹಾಕುತ್ತಿದ್ದೆ. ಮಗನ ಹೆಸರಿನ ಹಿಂದೆ ನನ್ನ ಹೆಸರೇನೋ ಬಂತು. ಆದರೆ ಅದು ಹುಟ್ಟಿದಾಗ ನೀರಿನಲ್ಲಿ ಕೊಟ್ಟ ಹೆಸರು, ಪ್ರಾರ್ಥನೆಗೆ ಮಾತ್ರ. ಆ ಹೆಸರಿನವನನ್ನು ಊರಿಗೆ ಗೊತ್ತಿಲ್ಲ, ನನಗೂ ಅಷ್ಟಾಗಿ ಪರಿಚಯವಿಲ್ಲ. ಸಾಮ್ ಆರಂಭಿಸಿ ಸೀಮತ್ ಮುಗಿಸಿದ ಪುಸ್ತಕದಿಂದ ಬರೆದೆ ಎಂದಿತ್ತು. ಆ ಪುಸ್ತಕವನ್ನು ಬೆಳಕಿಗೆ ತಂದವಳು ಊರವರು ನೂಫಾ ಎಂದು ಕರೆಯುವ ನನ್ನ ಅತ್ತೆ ಎಂದಿತ್ತು. ಆರುನೂರು ಬಾಲ ಓದಿದವಳು ಮೊದಲ ಸಲ ಒಂದರೊಳಗೆ ತಾನೇ ಕೂತಿದ್ದಳು. ನನಗೆ ಸಂತೋಷವಾಯಿತು, ನಿಜವಾಗಿ ಆಯಿತು. ಪೆಟ್ಟಿಗೆಯನ್ನು ಮೂವತ್ತು ವರ್ಷ ಮುಚ್ಚಿಟ್ಟವನಿಗೆ ಯಾಕೆ ಜಾಗ ಕೊಡುತ್ತಾರೆ ಎಂದುಕೊಂಡು ಅರ ಹಾಕುತ್ತಲೇ ಇದ್ದೆ. ಅವಳು ಮುಂದಿನ ಸಾಲಿಗೆ ಬಂದು ತಡೆಯಲಾರದೆ ನಕ್ಕುಬಿಟ್ಟಳು.

‘ಓದುವವರೇ, ಸಾಲು ಅಲ್ಲಲ್ಲಿ ಬಾಗಿದ್ದರೆ ನನ್ನನ್ನು ಬೈಯಬೇಡಿ. ಊರವರು ಲಫ್ತಾ ಎಂದು ಕರೆಯುವ ನನ್ನ ಅಪ್ಪ ಪಕ್ಕದಲ್ಲೇ ಕೂತು ಚಳಿಗಾಲವಿಡೀ ಬೆಳ್ಳಿ ಬಡಿಯುತ್ತಿದ್ದ. ಅವನನ್ನು ಬೈಯಿರಿ.’

ನಾನು ಅರ ಕೆಳಗಿಟ್ಟೆ. ಎದ್ದು ಹೋಗಿ ಬೀದಿಯ ಬಾಗಿಲು ಪೂರ್ತಿ ತೆಗೆದು, ಖಲಫನಿಗೂ ಕೇಳುವ ಹಾಗೆ ಇನ್ನೊಂದು ಸಲ ಓದು ಎಂದೆ.